ಹೊರಗೋಡೆ ಕೆಡವುವ ಮುಂಚೆ

(ಚಿತ್ರದುರ್ಗದಲ್ಲಿ ಹಳೇ ಮನೆ ರಿಪೇರಿ ಮಾಡಿಸುವ ಮಾಲೀಕರು ಮತ್ತು ಮೇಸ್ತ್ರಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಸ್ತ್ರಿಗಳು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ತುಂಬಾ ಸಂತೋಷ. ಇವತ್ತಿನ ಮಾತು ಅರ್ಧ ಮನೆ ಮಾಲೀಕರಿಗೆ, ಅರ್ಧ ನಿಮಗೆ.

ಹಳೇ ಮನೆ ರಿಪೇರಿಗೆ ಕೈ ಹಾಕಿದವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಸಾಮಾನ್ಯವಾಗಿ ಇದನ್ನೇ. "ಹೊರಗೋಡೆ ಪೂರ್ತಿ ಕೆಡವಿ ಹೊಸದು ಕಟ್ಟಿಸ್ತೀವಿ ಸಾರ್, 6 ಇಂಚಿನ ಬ್ಲಾಕ್ ಸಾಕಾ, 8 ಇಂಚಿಂದು ಬೇಕಾ?" ಬ್ಲಾಕಿನ ವಿಷಯಕ್ಕೆ ಆಮೇಲೆ ಬರೋಣ. ಅದಕ್ಕೂ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಈ ಗೋಡೆ ಯಾಕೆ ಕೆಟ್ಟಿತು? ಈ ಗೋಡೆ ಏನನ್ನು ಹೊತ್ತಿದೆ? ಮೊದಲನೆಯದು ಗೊತ್ತಿಲ್ಲದೆ ಕಟ್ಟಿದರೆ ಹೊಸ ಗೋಡೆಯೂ ಹಳೆಯದರ ಹಾಗೇ ಕೆಡುತ್ತದೆ. ಎರಡನೆಯದು ಗೊತ್ತಿಲ್ಲದೆ ಕೆಡವಿದರೆ ಪ್ರಾಣಕ್ಕೇ ಕುತ್ತು.

ನಮ್ಮ ಚಿಕ್ಕಪೇಟೆ, ದೊಡ್ಡಪೇಟೆ ಕಡೆಯ ಹಳೇ ಮನೆಗಳು, ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಹಳ್ಳಿ ಮನೆಗಳು ಬಹುತೇಕ ಮಣ್ಣಿನ ಗೋಡೆಯವು, ಇಲ್ಲ ಕಲ್ಲು-ಮಣ್ಣಿನ ಗೋಡೆಯವು. ಗೋಡೆ ಒಂದೂವರೆ ಎರಡು ಅಡಿ ದಪ್ಪ. ಮೇಲೆ ಮಾಳಿಗೆ, ಅಂದರೆ ಮರದ ಮೇಲೆ ಮಣ್ಣು ಹಾಸಿದ ಮಟ್ಟಸ ಸೂರು. ದಾವಣಗೆರೆ ಕಡೆ ಹೋದರೆ ಇಟ್ಟಿಗೆ ಗೋಡೆಯ ಮೇಲೆ ಕಾಂಕ್ರೀಟ್ ಸೂರು, ಅಂದರೆ ಮೋಲ್ಡ್ ಹಾಕಿದ ನಲವತ್ತು ಐವತ್ತು ವರ್ಷದ ಮನೆಗಳು ಜಾಸ್ತಿ. ಕಂಬ-ಬೀಮ್ ಹಾಕಿ ಕಟ್ಟಿದ ಈಚಿನ ಮನೆಗಳ ವಿಷಯ ಬೇರೆ. ಅಲ್ಲಿ ಭಾರವೆಲ್ಲ ಕಂಬದ ಮೇಲಿರುತ್ತದೆ, ಗೋಡೆ ಬರೀ ಮರೆ. ಹಾಗಾಗಿ ನಾನು ಹೆಚ್ಚು ಮಾತಾಡುವುದು ಗೋಡೆಯೇ ಸೂರು ಹೊತ್ತ ಮನೆಗಳ ಬಗ್ಗೆ.

ಗೋಡೆ ಕೆಡುವುದಕ್ಕೆ ನೂರಕ್ಕೆ ತೊಂಬತ್ತು ಪಾಲು ನೀರೇ ಕಾರಣ ಎಂದು ನನ್ನ ಅನುಭವ ಹೇಳುತ್ತದೆ. ಆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಮಾತ್ರ ಯಾರೂ ತಾಳ್ಮೆಯಿಂದ ಹುಡುಕುವುದಿಲ್ಲ. ಪೇಟೆ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಮೊದಲು ಮನೆಗೆ ಹತ್ತಲು ಮೂರು ಮೆಟ್ಟಿಲು ಇದ್ದವು. ರಸ್ತೆಗೆ ಡಾಂಬರು ಬಂತು, ಅದರ ಮೇಲೆ ಇನ್ನೊಂದು ಪದರ ಡಾಂಬರು, ಅದರ ಮೇಲೆ ಕಾಂಕ್ರೀಟು. ಈಗ ಎಷ್ಟೋ ಮನೆಗಳಲ್ಲಿ ರಸ್ತೆಯೇ ಹೊಸಿಲಿನ ಮಟ್ಟಕ್ಕೆ ಬಂದಿದೆ. ಜಗಲಿ ಹೂತು ಹೋಗಿದೆ. ಆ ಗೋಡೆ ಕಟ್ಟಿದವರು ಕೆಳಗಿನ ಎರಡು ಮೂರು ಅಡಿ ಕಲ್ಲು ಕಟ್ಟಿ, ಅದರ ಮೇಲೆ ಮಣ್ಣಿನ ಗೋಡೆ ಎಬ್ಬಿಸಿದ್ದರು. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿದರೂ ಕಲ್ಲಿಗೆ ತಾಗಲಿ, ಮಣ್ಣಿಗೆ ತಾಗದಿರಲಿ ಅಂತ. ಈಗ ರಸ್ತೆ ಏರಿ ಆ ಕಲ್ಲೆಲ್ಲ ನೆಲದೊಳಗೆ ಸೇರಿದೆ. ಮಳೆ ನೀರು ನೇರವಾಗಿ ಮಣ್ಣಿಗೇ ಹೊಡೆಯುತ್ತದೆ. ಇಂಥ ಕಡೆ ಗೋಡೆ ಬದಲಾಯಿಸಿ ರಸ್ತೆ ಕಡೆ ಬುಡವನ್ನು ಹಾಗೇ ಬಿಟ್ಟರೆ ಏನು ಬಂತು?

ಇನ್ನೊಂದು, ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್. ಇದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ, ಗೋಡೆ ಗಟ್ಟಿಯಾಗಲಿ ಅಂತ. ಆದರೆ ಮಣ್ಣಿನ ಗೋಡೆಗೆ ನೆಲದಿಂದ ಸ್ವಲ್ಪ ತೇವ ಏರುವುದು ಸಹಜ. ಏರಿದ ತೇವ ಗೋಡೆಯ ಮೈಯಿಂದ ಗಾಳಿಗೆ ಆರಿ ಹೋಗುತ್ತಿತ್ತು. ಮಣ್ಣು-ಸಗಣಿ ಸಾರಣೆ, ಸುಣ್ಣದ ಗಾರೆ ಇವೆಲ್ಲ ಅದಕ್ಕೆ ದಾರಿ ಬಿಡುತ್ತವೆ. ಸಿಮೆಂಟ್ ಬಿಡುವುದಿಲ್ಲ. ಹೊರಗೆ ಹೋಗಲಾಗದ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಮೂರು ಅಡಿ ಪ್ಲಾಸ್ಟರ್ ಮಾಡಿಸಿದರೆ ನಾಲ್ಕನೇ ಅಡಿಯಲ್ಲಿ ಗೋಡೆ ಉದುರಲು ಶುರುವಾಗುವುದನ್ನು ನೀವೆಲ್ಲ ನೋಡಿರುತ್ತೀರಿ, ಅಲ್ವಾ? ನಮ್ಮ ಮಣ್ಣಿನಲ್ಲಿ ಚೌಳಿನ, ಅಂದರೆ ಉಪ್ಪಿನ ಅಂಶ ಇರುವ ಕಡೆ ಇದು ಇನ್ನೂ ಕೆಟ್ಟದು. ನೀರು ಆರಿದಾಗ ಉಪ್ಪು ಉಳಿದು, ಹರಳುಗಟ್ಟಿ, ಗೋಡೆಯ ಮೈಯನ್ನು ಪುಡಿ ಮಾಡುತ್ತದೆ. ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯನ್ನು ಬಿಟ್ಟಿದೆ ಅಂತ ಅರ್ಥ. ಒಳಗಿನ ಮಣ್ಣು ಎಷ್ಟು ಕರಗಿದೆಯೋ ಹೊರಗಿನಿಂದ ಕಾಣುವುದೇ ಇಲ್ಲ.

ಮೇಲಿನ ನೀರೂ ಇದೆ. ಮಾಳಿಗೆಯ ನೀರನ್ನು ಹೊರಗೆ ಬೀಳಿಸುವ ದೋಣಿ ಗಿಡ್ಡವಾಗಿದ್ದರೆ ನೀರು ಹೊರಗೆ ಹಾರುವುದಿಲ್ಲ, ಗೋಡೆಯ ಮೈ ಸವರಿಕೊಂಡೇ ಇಳಿಯುತ್ತದೆ. ಗೋಡೆಯ ಮೇಲಂಚಿಗೆ ಹೊದಿಸಿದ ಚಪ್ಪಡಿ ಒಂದು ಕಡೆ ಸರಿದಿದ್ದರೂ ಸಾಕು. ಇಂಥದ್ದನ್ನು ಮಳೆಗಾಲದಲ್ಲೇ ನೋಡಬೇಕು. ಜೋರು ಮಳೆ ಬಂದಾಗ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಬನ್ನಿ. ಬೇಸಿಗೆಯಲ್ಲಿ ಎಂಜಿನಿಯರ್ ಬಂದು ನೋಡಿ ಹೇಳುವುದಕ್ಕಿಂತ ಜಾಸ್ತಿ ವಿಷಯ ನಿಮಗೇ ಸಿಗುತ್ತದೆ.

ಎರೆ ಭೂಮಿಯ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲದ ಮನೆಗಳಿಗೆ ಬೇರೆ ಕಾಯಿಲೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣು ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಹದದಲ್ಲಿರುತ್ತದೆ. ಹೊರಗೋಡೆಯ ಕೆಳಗಿನದು ಮಾತ್ರ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಅದಕ್ಕೇ ಹೊರಗೋಡೆ ಏರಿಳಿಯುತ್ತದೆ, ಒಳಗೋಡೆ ನಿಂತಲ್ಲೇ ನಿಂತಿರುತ್ತದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓಡುವ ಬಿರುಕು ಸಾಮಾನ್ಯವಾಗಿ ಇದರ ಗುರುತು. ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಒಂದು ಸುಲಭ ಉಪಾಯವಿದೆ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗಾಜು ಒಡೆದರೆ ಪಾಯ ಇನ್ನೂ ಅಲುಗುತ್ತಿದೆ. ಆಗ ಗೋಡೆ ಬದಲಾಯಿಸಿ ಸುಖವಿಲ್ಲ. ಪಾಯ ಎರೆ ದಾಟಿ ಗಟ್ಟಿ ಗರಸು ಮಣ್ಣಿನವರೆಗೆ ಇಳಿಯಬೇಕು. ಎರೆ ತುಂಬಾ ಆಳ ಇದ್ದರೆ, ಬುಡದಲ್ಲಿ ಅಗಲ ಮಾಡಿದ ಪೈಲ್, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ ಹಾಕುವ ಪದ್ಧತಿ ಇದೆ, ಅದನ್ನು ತಿಳಿದವರಿಂದಲೇ ಲೆಕ್ಕ ಹಾಕಿಸಬೇಕು. ಮನೆ ಸುತ್ತ ಮೂರು ನಾಲ್ಕು ಅಡಿ ಅಗಲಕ್ಕೆ, ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸುವುದಂತೂ ಎಲ್ಲರೂ ಮಾಡಬಹುದು. ಗೋಡೆಯ ಬುಡಕ್ಕೆ ನೀರು ಇಳಿಯುವುದು ಅರ್ಧಕ್ಕರ್ಧ ತಪ್ಪುತ್ತದೆ.

ಇನ್ನು ಎರಡನೇ ಪ್ರಶ್ನೆ. ಗೋಡೆ ಏನನ್ನು ಹೊತ್ತಿದೆ?

ಮಾಳಿಗೆಯ ಭಾರ ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ? ದಪ್ಪ ಮರದ ತೊಲೆ, ಅದರ ಮೇಲೆ ಅಡ್ಡಲಾಗಿ ಸಾಲು ಮರ, ಅಂದರೆ ಜಂತೆ, ಜಂತೆಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ಚೌಳು ಮಣ್ಣು. ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾ ಬಂದಿದ್ದೇವೆ. ಹಳೆಯದನ್ನು ತೆಗೆದು ಹಾಕಿದವರು ಕಡಿಮೆ. 10 ಅಡಿಗೆ 10 ಅಡಿ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದು 100 ಘನ ಅಡಿ. ಒಣಗಿದ್ದಾಗಲೇ ಸುಮಾರು ನಾಲ್ಕೂವರೆ ಐದು ಟನ್. ನೆನೆದರೆ ಇನ್ನೂ ಜಾಸ್ತಿ. ಅದೇ ಕೋಣೆಗೆ 4 ಇಂಚಿನ ಆರ್‌ಸಿಸಿ ಮೋಲ್ಡ್ ಹಾಕಿದರೆ ಎರಡೂಕಾಲು ಟನ್ ಚಿಲ್ಲರೆ. ಮೋಲ್ಡಿಗಿಂತ ಮಾಳಿಗೆ ಎರಡು ಪಟ್ಟು ಭಾರ! ಮೊದಲ ಕೆಲಸ ಅಲ್ಲೇ ಸಿಕ್ಕಿತು ನೋಡಿ. ಗೋಡೆ ಮುಟ್ಟುವ ಮುಂಚೆ ಮಾಳಿಗೆ ಹತ್ತಿ, ಬೇಡದ ಮಣ್ಣನ್ನು ಇಳಿಸಿ. ಇಳಿಸುವಾಗ ಒಂದೇ ಕಡೆ ಗುಡ್ಡೆ ಹಾಕಬೇಡಿ, ಹತ್ತುವವರು ಜಂತೆಯ ಮೇಲೆ ಹಲಗೆ ಹಾಸಿಕೊಂಡು ನಡೆಯಲಿ.

ಈ ಭಾರ ನಾಲ್ಕೂ ಗೋಡೆಗೆ ಸಮನಾಗಿ ಬೀಳುವುದಿಲ್ಲ. ಜಂತೆಯ ತುದಿಗಳು ಯಾವ ಎರಡು ಗೋಡೆಯ ಮೇಲೆ ಕೂತಿವೆಯೋ ಆ ಗೋಡೆಗಳದ್ದೇ ಹೊರೆ. ಕೋಣೆಯೊಳಗೆ ನಿಂತು ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಪಿಒಪಿ ಸೀಲಿಂಗ್ ಮಾಡಿಸಿ ಮುಚ್ಚಿದ್ದರೆ ಎರಡು ಕಡೆ ಕಿತ್ತು ನೋಡಲೇಬೇಕು.

ನೋಡಿದ ಮೇಲೆ ಒಂದು ಸ್ಕ್ರೂಡ್ರೈವರ್ ತಗೊಂಡು ಜಂತೆ ಗೋಡೆಯೊಳಗೆ ಹೊಕ್ಕ ಜಾಗಕ್ಕೆ ಒತ್ತಿ. ಒಬ್ಬರ ಮನೆಯಲ್ಲಿ ನಾನು ಇದನ್ನು ಮಾಡಿದಾಗ ಹೊರಗೆ ಕಾಣುತ್ತಿದ್ದ ಜಂತೆ ಕಬ್ಬಿಣದಂತಿತ್ತು. ಎಣ್ಣೆ ಬಣ್ಣ ಹೊಳೆಯುತ್ತಿತ್ತು. ಗೋಡೆಯ ಅಂಚಿನಲ್ಲಿ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಸುತ್ತಲಿನ ಮಣ್ಣನ್ನು ಬಿಡಿಸಿದಾಗ ಒಳಗೆ ಮರವೇ ಇರಲಿಲ್ಲ. ಗೆದ್ದಲು ತಿಂದು ಬಿಟ್ಟ ಒಂದು ಸಿಪ್ಪೆ, ಅದರೊಳಗೆ ಗೆದ್ದಲಿನ ಮಣ್ಣು. ಆ ಜಂತೆ ಗೋಡೆಯೊಳಗಿನ ತುದಿಯ ಮೇಲೆ ಕೂತಿರಲೇ ಇಲ್ಲ. ಗೋಡೆಯ ಒಳಮೈಯ ನಾಲ್ಕು ಬೆರಳು ಮಣ್ಣಿನ ಅಂಚಿನ ಮೇಲೆ ನಿಂತಿತ್ತು. ಹಾರೆಯಿಂದ ಒಂದು ಏಟು ಹಾಕಿದ್ದರೆ ಆ ಅಂಚು ಹೋಗುತ್ತಿತ್ತು. ಹೊರಗೋಡೆಯೊಳಗಿನ ಮರಕ್ಕೆ ತೇವ ಮೊದಲು ತಾಗುವುದರಿಂದ ತುದಿಯೇ ಮೊದಲು ಹಾಳಾಗುತ್ತದೆ. ದಯವಿಟ್ಟು ಇದನ್ನು ನೋಡದೆ ಯಾವ ಗೋಡೆಗೂ ಏಟು ಹಾಕಬೇಡಿ.

ಈಗ ಮೇಸ್ತ್ರಿಗಳಿಗೆ. ಸೂರಿಗೆ ಆಸರೆ ಕೊಡುವ ಕೆಲಸವನ್ನು ಸೆಂಟ್ರಿಂಗ್ ಹುಡುಗರಿಗೆ ಬಿಟ್ಟು ನೀವು ಟೀ ಕುಡಿಯಲು ಹೋಗಬಾರದು. ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೊಣೆ ಇನ್ನೊಂದಿಲ್ಲ. ಕೆಡವುವ ಗೋಡೆಯಿಂದ ಎರಡು ಎರಡೂವರೆ ಅಡಿ ಒಳಗೆ, ಗೋಡೆಯ ಉದ್ದಕ್ಕೇ, ಎಲ್ಲ ಜಂತೆಗಳ ಕೆಳಗೆ ಅಡ್ಡಲಾಗಿ ಒಂದು ಗಟ್ಟಿ ತೊಲೆ ಬರಬೇಕು. ಕಬ್ಬಿಣದ ಐ-ಬೀಮ್ ಸಿಕ್ಕರೆ ಒಳ್ಳೆಯದು. ಅದರ ಕೆಳಗೆ ಮೂರು ಅಡಿಗೊಂದು ಕಬ್ಬಿಣದ ಜಾಕ್, ಅಂದರೆ ತಿರುಗಿಸಿ ಉದ್ದ ಮಾಡುವ ಆಸರೆ ಕಂಬ. ಹಳೇ ಜಂತೆಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಮುಟ್ಟಿದರೆ ಪಕ್ಕದ್ದು ಅರ್ಧ ಇಂಚು ಮೇಲಿರುತ್ತದೆ. ಆ ಸಂದಿಗೆ ಒಂದೊಂದಕ್ಕೂ ಮರದ ಬೆಣೆ ಹೊಡೆಯಬೇಕು. ಬೆಣೆ ಇಲ್ಲದ ಜಂತೆಗೆ ಆಸರೆ ಇಲ್ಲ ಎಂದೇ ಲೆಕ್ಕ. ಜಾಕನ್ನು ತಿರುಗಿಸುವಾಗ ಬಿಗಿಯಾಗುವವರೆಗೆ ಮಾತ್ರ ತಿರುಗಿಸಿ. ಸೂರನ್ನು ಎತ್ತಲು ಹೋಗಬೇಡಿ. ಎತ್ತಿದರೆ ಮಾಳಿಗೆ ಮಣ್ಣು ಬಿರಿದು ಮುಂದಿನ ಮಳೆಗೆ ಮನೆಯೆಲ್ಲ ಸೋರುತ್ತದೆ.

ಜಾಕಿನ ಬುಡಕ್ಕೆ ಉದ್ದಕ್ಕೂ ದಪ್ಪ ಹಲಗೆ ಹಾಸಿ. ಬರೀ ನೆಲದ ಮೇಲೆ ನಿಲ್ಲಿಸಬೇಡಿ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಹಳೇ ಮನೆಗಳಲ್ಲಿ ನೆಲದ ಕೆಳಗೆ ಹಗೇವು, ಅಂದರೆ ಕಾಳು ತುಂಬುವ ಗುಂಡಿ ಇರುತ್ತದೆ. ಜೋಳ, ರಾಗಿ ತುಂಬುತ್ತಿದ್ದ ಕಾಲ ಹೋಯಿತು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದ್ದಾರೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. "ಅಜ್ಜಿ, ಇಲ್ಲಿ ಹಗೇವು ಇತ್ತಾ?" ಅಂದರೆ ಅವರು ಸರಿಯಾಗಿ ಜಾಗ ತೋರಿಸುತ್ತಾರೆ.

ಕೆಡವುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಬುಡ ತೋಡಿ ಗೋಡೆಯನ್ನು ಹೊರಕ್ಕೆ ತಳ್ಳುವ ಪದ್ಧತಿಯನ್ನು ಪೂರ್ತಿ ಬಿಟ್ಟುಬಿಡಿ. ಒಮ್ಮೆಗೆ ಒಂದೇ ಗೋಡೆ. ಮೂಲೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಎರಡು ಗೋಡೆಗಳು ಒಂದನ್ನೊಂದು ಹಿಡಿದು ನಿಲ್ಲಿಸಿರುತ್ತವೆ. ಪಾಯವನ್ನೂ ಬದಲಾಯಿಸಬೇಕಾದರೆ ಮೂರು ನಾಲ್ಕು ಅಡಿಯ ತುಂಡುಗಳಾಗಿ ಗುರುತು ಮಾಡಿ. ಒಂದು, ಮೂರು, ಐದನೇ ತುಂಡು ಮೊದಲು. ಅವು ಗಟ್ಟಿಯಾದ ಮೇಲೆ ಎರಡು, ನಾಲ್ಕು. ಇಡೀ ಉದ್ದಕ್ಕೆ ಒಂದೇ ಸಲ ಜೆಸಿಬಿಯಿಂದ ಅಗೆಸಿದರೆ ಪಕ್ಕದ ಮನೆಯ ಪಾಯವೂ ಸಡಿಲಾಗುತ್ತದೆ. ಪೇಟೆಯಲ್ಲಿ ಎಷ್ಟೋ ಗೋಡೆಗಳು ಎರಡು ಮನೆಗೆ ಪಾಲಿನ ಗೋಡೆಗಳು. ಅದರಾಚೆ ಪಕ್ಕದವರ ಜಂತೆಯೂ ಕೂತಿರುತ್ತದೆ. ಅವರಿಗೆ ತಿಳಿಸಿ, ಅವರ ಕಡೆಯೂ ಆಸರೆ ಕೊಟ್ಟು, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಇಟ್ಟುಕೊಂಡೇ ಮುಟ್ಟಬೇಕು. ನಗರಸಭೆಯ ಅನುಮತಿಯನ್ನೂ ಮೊದಲೇ ಪಡೆಯಿರಿ.

ಕಲ್ಲಿನ ಗೋಡೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮೂರಿನಲ್ಲಿ ಕಲ್ಲುಗೋಡೆ ಅಂದರೆ ಎಲ್ಲರಿಗೂ ಏಳು ಸುತ್ತಿನ ಕೋಟೆ ನೆನಪಾಗುತ್ತದೆ. "ಕೋಟೆಗೆ ಗಾರೆಯೇ ಇಲ್ಲ, ನಿಂತಿಲ್ವಾ? ನಮ್ಮನೆ ಗೋಡೆನೂ ಕಲ್ಲಿಂದೇ, ಏನೂ ಆಗಲ್ಲ" ಅನ್ನುತ್ತಾರೆ. ಕೋಟೆಯ ಹತ್ತಿರ ಹೋಗಿ ಕೈಯಿಟ್ಟು ನೋಡಿ. ದೊಡ್ಡ ದೊಡ್ಡ ಕಣಶಿಲೆಯ ದಿಮ್ಮಿಗಳು. ಒಂದರ ಅಂಚಿಗೆ ಇನ್ನೊಂದನ್ನು ಕಡೆದು ಕೂರಿಸಿದ್ದಾರೆ. ಎಷ್ಟೋ ಕಡೆ ಪಾಯವೇ ಬಂಡೆ. ನಮ್ಮ ಮನೆಯ ಗೋಡೆ ಹಾಗಲ್ಲ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚಕ್ಕೆ ಕಲ್ಲು ಮತ್ತು ಮಣ್ಣು. ಅಂದರೆ ಎರಡು ತೆಳು ಗೋಡೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವಿನ ಮಣ್ಣಿಗೆ ನೀರು ಇಳಿದರೆ ಹೊರಗಿನ ಸಾಲು ಹೊರಕ್ಕೆ ಹೊಟ್ಟೆ ಬಿಡುತ್ತದೆ. ದಾರ ಹಿಡಿದು, ತೂಕದ ಗುಂಡು ಇಳಿಬಿಟ್ಟು ನೋಡಿದರೆ ತಿಳಿಯುತ್ತದೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸಾವಿರಾರು ಜನ ಮಲಗಿದ್ದಲ್ಲೇ ಹೋದರು. ಅಲ್ಲಿಯ ಮನೆಗಳೂ ಇಂಥವೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಎರಡು ಸಾಲು ಬೇರೆ ಬೇರೆಯಾಗಿ ಕುಸಿದವು, ಸೂರು ಮೇಲೆ ಬಿತ್ತು. ನಮ್ಮ ಜಿಲ್ಲೆ ಅಂಥ ಅಪಾಯದ ವಲಯದಲ್ಲಿ ಇಲ್ಲ ಎಂದು ಸುಮ್ಮನಿರಬಾರದು, ಏಕೆಂದರೆ ನಾಲ್ಕು ದಿನ ಬಿಡದೆ ಸುರಿಯುವ ಜಡಿ ಮಳೆ ಇದೇ ಗೋಡೆಯನ್ನು ಇದೇ ರೀತಿ ಬೀಳಿಸುತ್ತದೆ. ಆ ವರ್ಷವೇ ಬಂದ ಭಾರತೀಯ ಮಾನಕದಲ್ಲಿ ಪರಿಹಾರವನ್ನೂ ಬರೆದಿದ್ದಾರೆ. ಗೋಡೆಯ ಪೂರ್ತಿ ದಪ್ಪಕ್ಕೆ ಈ ಮೈಯಿಂದ ಆ ಮೈವರೆಗೆ ಹೋಗುವ ಉದ್ದ ಕಲ್ಲುಗಳು ಇರಬೇಕು. ಎತ್ತರದಲ್ಲಿ ಎರಡು ಅಡಿಗೊಂದು ಸಾಲು, ಆ ಸಾಲಿನಲ್ಲಿ ನಾಲ್ಕು ಅಡಿಗೊಂದು ಕಲ್ಲು. ಕೌದಿಗೆ ಹೊಲಿಗೆ ಹಾಕಿದ ಹಾಗೆ ಅವು ಎರಡು ಸಾಲನ್ನೂ ಹಿಡಿಯುತ್ತವೆ. ಉದ್ದ ಕಲ್ಲು ಸಿಗದಿದ್ದರೆ ಕಂಬಿ ಇಟ್ಟ ಕಾಂಕ್ರೀಟ್ ತುಂಡುಗಳೂ ನಡೆಯುತ್ತವೆ. ಹೊಟ್ಟೆ ಬಿಡದೆ ನೆಟ್ಟಗೆ ನಿಂತ ಹಳೇ ಗೋಡೆಗೂ, ಒಂದೊಂದೇ ಕಲ್ಲನ್ನು ಮೆಲ್ಲಗೆ ಬಿಡಿಸಿ ತೂತು ಮಾಡಿ ಇದನ್ನು ಸೇರಿಸಬಹುದು. ಅಂಥ ಗೋಡೆಯನ್ನು ಕೆಡವುವ ಅಗತ್ಯವೇ ಇಲ್ಲ. ಕೆಡವಲು ಬಂದವರಿಗೆ ನಾನು ಸಂತೋಷದಿಂದ ಹೇಳುವ ಮಾತು ಇದೇ.

ಈಗ ಬ್ಲಾಕಿನ ವಿಷಯ. ಭಾರ ಹೊರುವ ಹೊರಗೋಡೆಗೆ 8 ಇಂಚಿನ ಸಾಲಿಡ್ ಬ್ಲಾಕ್, ಇಲ್ಲ 9 ಇಂಚಿನ ಇಟ್ಟಿಗೆ ಗೋಡೆ. 6 ಇಂಚು ಉಳಿತಾಯದಂತೆ ಕಾಣುತ್ತದೆ, ಆದರೆ ಎರಡಡಿ ಗೋಡೆಯ ತಂಪಿನಲ್ಲಿ ಬೆಳೆದವರಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಪಕ್ಕ ಕೂರಲಾಗುವುದಿಲ್ಲ. ಪಡುವಣ ಗೋಡೆಯಂತೂ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಿರುತ್ತದೆ.

ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಕೆಡವಿದ ಗೋಡೆಯ ಮಣ್ಣನ್ನೇ ಮತ್ತೆ ಬಳಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಒತ್ತಿದ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮರಳಿನ ಅಂಶ ಜಾಸ್ತಿ ಇರುವ ಕೆಂಪು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ಗೋಣಿಚೀಲ ಹೊದಿಸಿ ನೀರುಣಿಸಿದರೆ ಗಟ್ಟಿ ಬ್ಲಾಕ್ ಆಗುತ್ತದೆ. ಸುಡುವ ಸೌದೆ ಬೇಡ. ಎರೆ ಮಣ್ಣಿಗೆ ಇದು ಹೊಂದುವುದಿಲ್ಲ. ಚೌಳು ಮಣ್ಣೂ ಬೇಡ. ಹಾಗಾಗಿ ಕೆಡವಿದ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ.

ಯಾವುದರಿಂದಲೇ ಕಟ್ಟಿ, ನೆಲಮಟ್ಟದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಮರೆಯಬೇಡಿ. ಅದನ್ನು ಈಗಿನ ರಸ್ತೆ ಮಟ್ಟಕ್ಕಿಂತ ಮೇಲೆ ಹಾಕಿ, ಹಳೇ ಮಟ್ಟಕ್ಕಲ್ಲ. ಒಂದೇ ದಿನ ನಾಲ್ಕು ಅಡಿಗಿಂತ ಎತ್ತರ ಎಬ್ಬಿಸಬೇಡಿ. ನೀರು ಬೆರೆಸಿದ ಸಿಮೆಂಟ್ ಕಲಸನ್ನು ಎರಡು ಗಂಟೆಯೊಳಗೆ ಮುಗಿಸಿ, ಒಣಗಿದ್ದಕ್ಕೆ ಮತ್ತೆ ನೀರು ಹಾಕಿ ಕಲಸಬೇಡಿ. ಕನಿಷ್ಠ ಏಳು ದಿನ ನೀರು ಹೊಡೆಯಿರಿ. ಟ್ಯಾಂಕರ್ ನೀರು ದುಬಾರಿ ಅಂತ ನಮ್ಮ ಬರದ ಸೀಮೆಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಗೋಣಿಚೀಲ ಇಳಿಬಿಟ್ಟು ನೆನೆಸಿದರೆ ಕಡಿಮೆ ನೀರಿನಲ್ಲಿ ಆಗುತ್ತದೆ. ಹೊಸ ಗೋಡೆ ಹಳೆಯದಕ್ಕೆ ಸೇರುವ ಕಡೆ ಸುಮ್ನೆ ಅಂಟಿಸಿದರೆ ಮೊದಲ ವರ್ಷವೇ ಮೇಲಿನಿಂದ ಕೆಳಗಿನವರೆಗೆ ನೇರ ಬಿರುಕು ಬರುತ್ತದೆ. ಹಳೆಯದರಲ್ಲಿ ಹಲ್ಲಿನಂತೆ ಸಂದಿ ಬಿಡಿಸಿ, ವರಸೆ ಬಿಟ್ಟು ವರಸೆ, ಅಂದರೆ ಒಂದು ಸಾಲು ಬಿಟ್ಟು ಒಂದು ಸಾಲು ಹೆಣೆಯಬೇಕು. ಪ್ಲಾಸ್ಟರ್ ಮಾಡುವಾಗ ಆ ಜಾಗಕ್ಕೆ ತೆಳು ತಂತಿಯ ಕೋಳಿ ಜಾಲರಿ ಹೊಡೆಯಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದು ಗೋಡೆಯ ನೆತ್ತಿ. ಹೊಸ ಗೋಡೆ ಜಂತೆಯ ಹತ್ತಿರ ಬಂದಾಗ ಅದರ ಮೇಲೆ ಕಂಬಿ ಹಾಕಿದ ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ ಬರಬೇಕು, ಒಂದೊಂದು ಜಂತೆಯ ಭಾರ ಇಡೀ ಗೋಡೆಗೆ ಹಂಚಿಹೋಗಲು. ಪಟ್ಟಿಗೂ ಜಂತೆಗೂ ನಡುವೆ ಸಂದಿ ಉಳಿಯುತ್ತದೆ. ಅಲ್ಲಿಗೆ ತೆಳ್ಳಗಿನ ಕಲಸು ಸುರಿದರೆ ಒಣಗಿ ಕುಗ್ಗುತ್ತದೆ, ಜಾಕ್ ತೆಗೆದ ದಿನ ಸೂರು ಅಷ್ಟು ಕೆಳಕ್ಕೆ ಇಳಿಯುತ್ತದೆ. ಪಟ್ಟಿ ಚೆನ್ನಾಗಿ ಗಟ್ಟಿಯಾದ ಮೇಲೆ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಕಲಸನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು ಹಾಕಿ, ಸಂದಿಗೆ ತುರುಕಿ ಮರದ ತುಂಡಿನಿಂದ ಕುಟ್ಟಿ ಕುಟ್ಟಿ ತುಂಬಬೇಕು. ಅದೂ ಗಟ್ಟಿಯಾಗುವವರೆಗೆ ಜಾಕ್ ಮುಟ್ಟಬಾರದು. ತೆಗೆಯುವಾಗಲೂ ಎಲ್ಲವನ್ನೂ ಒಟ್ಟಿಗೆ ಅಲ್ಲ, ಒಂದೊಂದನ್ನು ಕಾಲು ಸುತ್ತು ಸಡಿಲಿಸುತ್ತಾ ಎರಡು ದಿನ ತಗೊಳ್ಳಿ. ಜಂತೆಯ ತುದಿಗೆ ಗೆದ್ದಲಿನ ಔಷಧಿ ಹಚ್ಚಿ, ಸುತ್ತ ಸ್ವಲ್ಪ ಗಾಳಿಯಾಡಲು ಬಿಡಿ.

ಕಾಲದ ಬಗ್ಗೆ ಒಂದು ಮಾತು. ನಮ್ಮಲ್ಲಿ ಮಳೆ ಹೆಚ್ಚು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಗೋಡೆ ತೆರೆದು, ಯುಗಾದಿಯೊಳಗೆ ಮುಚ್ಚಿದರೆ ಕ್ಷೇಮ.

ಕೊನೆಗೆ ಒಬ್ಬ ತಾಯಿ ಕೇಳಿದರು: "ಕೆಲಸ ನಡೆಯುವಾಗ ನಾವು ಮನೆಯಲ್ಲೇ ಇರಬಹುದಾ? ಬಾಡಿಗೆ ಮನೆ ಹುಡುಕೋದು ಕಷ್ಟ." ಬೇರೆ ದಿಕ್ಕಿನ ಕೋಣೆಗಳಲ್ಲಿ ಇರಬಹುದಮ್ಮ. ಆದರೆ ಜಾಕ್ ನಿಲ್ಲಿಸಿದ ಕೋಣೆಯಲ್ಲೂ, ಅದರ ಪಕ್ಕದ ಕೋಣೆಯಲ್ಲೂ ಯಾರೂ ಮಲಗಬಾರದು, ಮಕ್ಕಳು ಆಡಲು ಹೋಗಬಾರದು. ಬಾಗಿಲಿಗೆ ಬೀಗ ಹಾಕಿಬಿಡಿ. ಮಳೆ ಮೋಡ ಕಂಡರೆ ಆ ರಾತ್ರಿ ನೆಂಟರ ಮನೆಗೆ ಹೋಗಿ. ಕೂಲಿಯವರಿಗೂ ಅಷ್ಟೇ. ಮಧ್ಯಾಹ್ನ ಊಟ ಮಾಡಿ ನೆರಳು ಅಂತ ಅದೇ ಗೋಡೆಯ ಬುಡದಲ್ಲಿ ಮಲಗುತ್ತಾರೆ. ಅವರಿಗೆ ಬೇರೆ ಕಡೆ ಒಂದು ನೆರಳು ಮಾಡಿಕೊಡಿ.